ಸೈಟಿಗೆ ಬಂದವರು ಸಾವಿರವೋ, ಹತ್ತೋ?

ನನ್ನ ಪುಟ್ಟ ಅಡುಗೆ ವೆಬ್‌ಸೈಟಿಗೆ ಒಂದೇ ದಿನ ಸಾವಿರಾರು ಹಿಟ್ಸ್ ಬಂದಿದ್ದನ್ನು ಕಂಡು ನೆಂಟರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಆಮೇಲೆ ಗೂಗಲ್ ಅನಲಿಟಿಕ್ಸ್ ಹಾಕಿ ನೋಡಿದರೆ ಬಂದವರು ಬೆರಳೆಣಿಕೆಯಷ್ಟು. ಅದರಲ್ಲೂ ಜಾಸ್ತಿ ಸಲ ಬಂದಿದ್ದು ನಾನೇ! ನಿಮಗೂ ಹೀಗಾಗಿದ್ದರೆ ಲೆಕ್ಕ ಸರಿಮಾಡಿಕೊಳ್ಳಿ.

ಮೊದಲು, ಹಿಟ್ಸ್ ಅನ್ನೋ ಅಂಕಿಯನ್ನು ಮರೆತುಬಿಡಿ. ಪುಟದಲ್ಲಿ 18 ಫೋಟೊ ಇದ್ದರೆ ಒಬ್ಬರು ಒಮ್ಮೆ ತೆರೆದರೂ ಪುಟಕ್ಕೊಂದು, ಫೋಟೊಗೊಂದೊಂದು ಅಂತ 19 ಹಿಟ್ಸ್. ಹೋಳಿಗೆ ಲಟ್ಟಿಸುವುದಕ್ಕೇ ಐದು ಫೋಟೊ ಹಾಕುವ ನನ್ನಂಥವರ ಗತಿ ಊಹಿಸಿಕೊಳ್ಳಿ.

ಎರಡನೆಯದು ಬಾಟ್‌ಗಳು, ಅಂದರೆ ಮನುಷ್ಯರಲ್ಲದೆ ತಾವಾಗಿಯೇ ಸೈಟುಗಳನ್ನು ತೆರೆಯುವ ಪ್ರೋಗ್ರಾಂಗಳು. ಹೋಸ್ಟಿಂಗ್ ಜೊತೆ ಸಿಗುವ ಎಡಬ್ಲ್ಯೂಸ್ಟಾಟ್ಸ್ ಅನ್ನೋ ಲೆಕ್ಕದ ಪ್ರೋಗ್ರಾಂ ಸರ್ವರ್‌ನ ಲಾಗ್ (ಯಾರು ಏನು ತೆರೆದರು ಅನ್ನೋ ದಾಖಲೆ) ಓದಿ ಲೆಕ್ಕ ಹಾಕುತ್ತದೆ. ಗೂಗಲ್‌ಬಾಟ್‌ನಂಥವು ಹೆಸರು ಹೇಳಿಕೊಂಡೇ ಬರುತ್ತವೆ, ಅವನ್ನು ಬೇರೆ ತೋರಿಸುತ್ತದೆ. ಕ್ರೋಮ್ ವೇಷ ಹಾಕಿ ಬರುವ ಬಾಟ್ ಮಾತ್ರ ಮನುಷ್ಯರ ಸಾಲಿನಲ್ಲಿ ಕೂರುತ್ತದೆ. ಅನಲಿಟಿಕ್ಸ್ ಕೆಲಸ ಮಾಡುವುದು ಪುಟದೊಳಗಿನ ಜಾವಾಸ್ಕ್ರಿಪ್ಟ್‌ನಿಂದ. ಎಷ್ಟೋ ಬಾಟ್‌ಗಳು ಅದನ್ನು ಓಡಿಸುವುದೇ ಇಲ್ಲ. ಆದರೆ ಆ್ಯಡ್ ಬ್ಲಾಕರ್ ಇಟ್ಟುಕೊಂಡ ನಿಜವಾದ ಓದುಗರೂ ಇಲ್ಲಿ ತಪ್ಪಿಹೋಗುತ್ತಾರೆ. ಎರಡೂ ಪೂರ್ತಿ ಸರಿಯಲ್ಲ. ನಾನಂತೂ ಚಿಕ್ಕ ಅಂಕಿಯನ್ನೇ ನಂಬುತ್ತೇನೆ.

ಈಗ ನಿಮ್ಮನ್ನು ನೀವೇ ಲೆಕ್ಕದಿಂದ ತೆಗೆಯಬೇಕು. ಅನಲಿಟಿಕ್ಸ್‌ನ ಅಡ್ಮಿನ್‌ಗೆ ಹೋಗಿ, ಡೇಟಾ ಸ್ಟ್ರೀಮ್ಸ್‌ನಲ್ಲಿ ನಿಮ್ಮ ಸೈಟನ್ನು ತೆರೆಯಿರಿ. ಟ್ಯಾಗ್ ಸೆಟ್ಟಿಂಗ್ಸ್‌ನಲ್ಲಿ 'ಡಿಫೈನ್ ಇಂಟರ್ನಲ್ ಟ್ರಾಫಿಕ್' ಇದೆ. ಅಲ್ಲಿ ಮನೆಯ ಇಂಟರ್‌ನೆಟ್‌ನ ಐಪಿ ವಿಳಾಸ (ನಿಮ್ಮ ಕನೆಕ್ಷನ್ನಿನ ಗುರುತಿನ ಸಂಖ್ಯೆ) ಕೊಡಿ. ಇಲ್ಲಿಗೆ ಮುಗೀತು ಅಂತ ನಾನೂ ಸುಮ್ನೆ ಕೂತಿದ್ದೆ. ಮುಗಿದಿರಲಿಲ್ಲ. ಡೇಟಾ ಫಿಲ್ಟರ್ಸ್‌ನಲ್ಲಿ ಆ ಫಿಲ್ಟರ್ 'ಟೆಸ್ಟಿಂಗ್' ಅಂತಲೇ ಇರುತ್ತದೆ. ಅದನ್ನು 'ಆ್ಯಕ್ಟಿವ್' ಮಾಡುವವರೆಗೆ ಏನೂ ಸೋಸುವುದಿಲ್ಲ. ಐಪಿಯನ್ನು ಎರಡೆರಡು ಸಲ ನೋಡಿಯೇ ಬದಲಿಸಿ, ಯಾಕೆಂದರೆ ಸೋಸಿ ಚೆಲ್ಲಿದ್ದು ವಾಪಸ್ ಸಿಗುವುದಿಲ್ಲ. ಹಳೆಯ ಲೆಕ್ಕವೂ ಸರಿಹೋಗುವುದಿಲ್ಲ.

ಅಲ್ಲೇ ಪ್ರಾಪರ್ಟಿ ಸೆಟ್ಟಿಂಗ್ಸ್‌ನಲ್ಲಿ ಟೈಮ್ ಝೋನ್ ಭಾರತದ್ದೇ ಇದೆಯಾ ನೋಡಿ. ಅಮೆರಿಕದ ಪಶ್ಚಿಮ ಕರಾವಳಿಯದ್ದು ಇದ್ದರೆ ನಿಮ್ಮ 'ದಿನ' ಶುರುವಾಗುವುದೇ ಇಲ್ಲಿನ ಮಧ್ಯಾಹ್ನ 12:30ಕ್ಕೆ, ಚಳಿಗಾಲದಲ್ಲಿ 1:30ಕ್ಕೆ. ಬೆಳಗಿನ ತಿಂಡಿ ಹುಡುಕಿ ಬಂದವರೆಲ್ಲ ನಿನ್ನೆಯ ಲೆಕ್ಕಕ್ಕೆ ಸೇರಿಬಿಡುತ್ತಾರೆ. ಡೇಟಾ ರಿಟೆನ್ಷನ್ (ವಿವರವಾದ ಮಾಹಿತಿ ಎಷ್ಟು ಕಾಲ ಉಳಿಯಬೇಕು ಅನ್ನೋದು) 2 ತಿಂಗಳಿದ್ದರೆ 14 ಮಾಡಿ.

ಒಂದೆರಡು ದಿನ ಬಿಟ್ಟು, ಮನೆಯ ವೈಫೈನಿಂದ ನಿಮ್ಮ ಸೈಟ್ ತೆರೆದು, ಅನಲಿಟಿಕ್ಸ್‌ನಲ್ಲಿ ಈಗ ಸೈಟಿನಲ್ಲಿ ಇರುವವರನ್ನು ತೋರಿಸುವ ರಿಯಲ್‌ಟೈಮ್ ನೋಡಿ. ನೀವು ಕಾಣಬಾರದು. ಕರೆಂಟು ಹೋಗಿ ಬಂದ ಮೇಲೆ ಇನ್ನೊಮ್ಮೆ ನೋಡಿ. ರೂಟರ್ ಮತ್ತೆ ಆನ್ ಆದಾಗ ಐಪಿ ಬದಲಾಗಿದ್ದರೆ ನೀವು ಮತ್ತೆ ಓದುಗರ ಪಟ್ಟಿಯಲ್ಲಿರುತ್ತೀರಿ.