ಟೈಲ್ಸ್ ಸಂದು ತುಂಬಲು ಯಾವ ರಬ್ಬರ್ ಫ್ಲೋಟ್?

ಮಡಿಕೇರಿ, ವಿರಾಜಪೇಟೆ ಕಡೆ ಮಳೆಗಾಲದಲ್ಲಿ ಜಗಲಿಯ ಟೈಲ್ಸ್ ಒಣಗುವುದೇ ಅಪರೂಪ. ಸಂದು ತುಂಬುವ ಗಾರೆ, ಅಂದರೆ ಗ್ರೌಟ್, ಕೊಂಚ ತಗ್ಗಿದ್ದರೂ ನೀರು ನಿಂತು ಪಾಚಿ ಕಟ್ಟುತ್ತದೆ. ಹೀಗಾದಾಗ ಎಲ್ಲರೂ ಗ್ರೌಟನ್ನು ಬೈಯುತ್ತಾರೆ. ಎಷ್ಟೋ ಸಲ ತಪ್ಪು ಅದನ್ನು ಬಳಿದ ಫ್ಲೋಟಿನದು, ಅಂದರೆ ಅಡಿಗೆ ರಬ್ಬರ್ ಇರುವ ಹಿಡಿಯ ಹಲಗೆಯದು.

ಅಂಗಡಿಯಲ್ಲೇ ರಬ್ಬರನ್ನು ಹೆಬ್ಬೆರಳಿಂದ ಒತ್ತಿ ನೋಡಿ. ಮೆತ್ತನೆಯದು ಉಬ್ಬುತಗ್ಗಿನ ರಸ್ಟಿಕ್ ಟೈಲ್ಸ್ ಮೇಲೆ ಚೆನ್ನಾಗಿ ಕೂರುತ್ತದೆ, ಗೋಡೆಯ ಕಿರಿದಾದ ಸಂದುಗಳಿಗೂ ಸಾಕು. 5–6 ಮಿ.ಮೀ. ಅಗಲದ ಸಂದಿನಲ್ಲಿ ಮಾತ್ರ ಅದರ ಅಂಚು ಒಳಗಿಳಿದು, ತುಂಬಿದ ಗ್ರೌಟನ್ನೇ ಗೋರಿಕೊಂಡು ಬರುತ್ತದೆ. ಸಪಾಟಾದ ನೆಲ, ಅಗಲ ಸಂದು, ಮರಳು ಬೆರೆತ ಗ್ರೌಟ್ ಆದರೆ ಗಟ್ಟಿ ರಬ್ಬರನ್ನೇ ಕೊಳ್ಳಿ. ಸ್ಪಂಜಿನ ಫ್ಲೋಟ್ ಒರೆಸಲಷ್ಟೇ, ತುಂಬಲು ಆಗದು.

ಬಚ್ಚಲಿಗೆ ಸಿಮೆಂಟಿನ ಬದಲು ಎಪಾಕ್ಸಿ (ರಾಳದ ಗ್ರೌಟ್) ಹಾಕುವುದಾದರೆ ಎಪಾಕ್ಸಿಗೆಂದೇ ಬರುವ ಬಿಗಿ ಫ್ಲೋಟ್ ಬೇಕು; ಇಲ್ಲಿ ಜಿಪುಣತನ ಬೇಡ. ಎಪಾಕ್ಸಿ ಅಂಟಂಟಾದ ಮಾಲು. ಮೆತ್ತನೆ ರಬ್ಬರ್ ಬಾಗಿ ಟೈಲ್ಸ್ ಮೇಲೆ ಪದರ ಉಳಿಸುತ್ತದೆ, ಅದು ಗಟ್ಟಿಯಾದ ಮೇಲೆ ಕಿತ್ತು ತೆಗೆಯುವುದು ಗೋಳು.

ನೆಲಕ್ಕೆ ಸುಮಾರು 4 ಇಂಚು ಅಗಲ, 9–10 ಇಂಚು ಉದ್ದದ ಫ್ಲೋಟ್ ಸರಿ. ಕಮೋಡಿನ ಹಿಂದೆ, ಮೂಲೆಗಳಲ್ಲಿ 2 ಇಂಚಿನದು ಕೈಗೆ ಸಿಗಲಿ. ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಸಣ್ಣ ಕಚ್ಚಿದ್ದರೂ ಪ್ರತಿ ಎಳೆತಕ್ಕೂ ಒಂದು ಗೆರೆ ಉಳಿಯುತ್ತದೆ.

ಬಳಿಯುವಾಗ ಫ್ಲೋಟನ್ನು 45 ಡಿಗ್ರಿ ಓರೆ ಹಿಡಿದು ಗ್ರೌಟನ್ನು ಸಂದಿನ ತಳದವರೆಗೂ ಒತ್ತಿ. ಆಮೇಲೆ ಹೆಚ್ಚುಕಡಿಮೆ ನೆಟ್ಟಗೆ ನಿಲ್ಲಿಸಿ ಹೆಚ್ಚಾದದ್ದನ್ನು ಕೆರೆಯಿರಿ. ಎರಡೂ ಸಲ ಸಂದಿಗೆ ಅಡ್ಡವಾಗಿ, ಮೂಲೆಯಿಂದ ಮೂಲೆಗೆ ಎಳೆಯಬೇಕು. ಸಂದಿನ ಗುಂಟ ಎಳೆದರೆ ಎಂಥ ಒಳ್ಳೆಯ ಫ್ಲೋಟೂ ಗ್ರೌಟನ್ನು ತೋಡಿಬಿಡುತ್ತದೆ. ಕಬ್ಬಿಣದ ಪುಟ್ಟಿ ಬ್ಲೇಡಿನಿಂದ ಕೆರೆದರೆ ಟೈಲ್ಸಿನ ಹೊಳಪು ಪದರವಾದ ಗ್ಲೇಜ್‌ಗೆ ಗೀರು ಬೀಳುತ್ತದೆ. ಪಾಲಿಶ್ ಮಾಡಿದ ಮಾರ್ಬಲ್‌ಗೆ ಮರಳಿನ ಗ್ರೌಟೇ ಸಾಕು ಗೀರು ಹಾಕಲು, ಫ್ಲೋಟ್ ಎಷ್ಟೇ ಮೆತ್ತಗಿರಲಿ.

ಥಂಡಿಯಲ್ಲಿ ಟೈಲ್ಸ್ ಅಂಟು ನಿಧಾನವಾಗಿ ಒಣಗುತ್ತದೆ. ಚೀಲದ ಮೇಲೆ 24 ಗಂಟೆ ಎಂದಿದ್ದರೂ ಮಳೆಗಾಲದಲ್ಲಿ ಗ್ರೌಟ್ ತುಂಬುವ ಮುನ್ನ ಇನ್ನೊಂದು ದಿನ ಬಿಡಿ, ಇಲ್ಲವಾದರೆ ಸಿಮೆಂಟ್ ಗ್ರೌಟಿನ ಬಣ್ಣ ಅಲ್ಲಲ್ಲಿ ಕಪ್ಪಾಗುತ್ತದೆ. ಕೆಲಸ ಮುಗಿದ ಕೂಡಲೇ ಫ್ಲೋಟ್ ತೊಳೆಯಿರಿ. ಅಂಚು ಸವೆದು ದುಂಡಗಾಗಿದ್ದರೆ ಹೊಸದು ತನ್ನಿ.