ಅಂತರರಾಷ್ಟ್ರೀಯ ಕಾನೂನು ಕಲಿಸಬೇಕೆಂದಿರುವ ಹುಬ್ಬಳ್ಳಿ-ಧಾರವಾಡದ ವಿದ್ಯಾರ್ಥಿಗಳಿಗೆ

ಗೈಡು ಬದಿಗಿಟ್ಟು ತೀರ್ಪು ಕೈಗೆತ್ತಿಕೊಳ್ಳಿ. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ತೀರ್ಪುಗಳು ಅದರ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಬೇಹುಗಾರಿಕೆಯ ಆರೋಪದಲ್ಲಿ ಪಾಕಿಸ್ತಾನ ಮರಣದಂಡನೆ ವಿಧಿಸಿದ ಭಾರತೀಯ ಕುಲಭೂಷಣ ಜಾಧವ್ ಕುರಿತ 2019ರ ಜುಲೈ 17ರ ತೀರ್ಪಿನಿಂದ ಶುರುಮಾಡಿ. ಭಾರತ ಗೆದ್ದಿತು ಎಂಬುದಷ್ಟೇ ಹೆಚ್ಚಿನವರಿಗೆ ಗೊತ್ತು. ಆದರೆ ಮರಣದಂಡನೆ ರದ್ದುಮಾಡಿ ಬಿಡುಗಡೆ ಮಾಡಿಸಿ ಎಂಬ ಬೇಡಿಕೆಯನ್ನು ನ್ಯಾಯಾಲಯ ಒಪ್ಪಲಿಲ್ಲ. ಜಾಧವ್ ಅವರನ್ನು ಭಾರತದ ಕಾನ್ಸುಲರ್ (ರಾಯಭಾರ) ಅಧಿಕಾರಿಗಳು ಭೇಟಿಯಾಗಲು ಬಿಡಿ, ಶಿಕ್ಷೆಯನ್ನು ಮರುಪರಿಶೀಲಿಸಿ ಎಂದಷ್ಟೇ ಪಾಕಿಸ್ತಾನಕ್ಕೆ ಆದೇಶಿಸಿತು. ಅದರ ಅಧಿಕಾರವ್ಯಾಪ್ತಿ ಬಂದದ್ದು 1963ರ ವಿಯೆನ್ನಾ ಕಾನ್ಸುಲರ್ ಒಪ್ಪಂದದ ಐಚ್ಛಿಕ ಪ್ರೋಟೊಕಾಲಿನಿಂದ, ಅಂದರೆ ಆ ಒಪ್ಪಂದದ ವ್ಯಾಜ್ಯಗಳನ್ನು ಈ ನ್ಯಾಯಾಲಯಕ್ಕೆ ಒಪ್ಪಿಸುವ ಪೂರಕ ಕರಾರಿನಿಂದ. ಆ ಒಪ್ಪಂದದ ಆಚೆ ಅದು ಕಾಲಿಡುವಂತಿರಲಿಲ್ಲ. ತರಗತಿಯಲ್ಲಿ ಬಿಡಿಸಿ ಹೇಳಬೇಕಾದ್ದು ಇದನ್ನೇ.

ವಾರಕ್ಕೊಂದು ತೀರ್ಪು, ಅದಕ್ಕೊಂದೇ ಹಾಳೆ: ಸಂಗತಿ, ಅಧಿಕಾರವ್ಯಾಪ್ತಿ, ಪ್ರಶ್ನೆ, ಕಾರಣ, ಆದೇಶ. ಬಹಳ ಮಂದಿ ಎರಡನೆಯದನ್ನು ಹಾರಿಸಿಬಿಡುತ್ತಾರೆ, ಆಮೇಲೆ ಆದೇಶ ಯಾಕೆ ಹಾಗಿದೆ ಎಂದು ತಿಳಿಯದೆ ಒದ್ದಾಡುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿದವರು ಮೊದಲು ಕನ್ನಡದಲ್ಲೇ ಗೆಳೆಯರಿಗೆ ಹೇಳಿ ನೋಡಿ. ತಡವರಿಸಿದಿರಿ ಎಂದರೆ ತೀರ್ಪು ಇನ್ನೂ ಅರ್ಥವಾಗಿಲ್ಲ. ಇಂಗ್ಲಿಷಿನ ಹಾಳೆ ಆಮೇಲೆ.

ನವನಗರದ ರಾಜ್ಯ ಕಾನೂನು ವಿಶ್ವವಿದ್ಯಾಲಯದಲ್ಲಿ ಓದಿ, ಬೇರೆಡೆ ಓದಿ, ಕಾಲೇಜಿನಲ್ಲಿ ಕಲಿಸಲು ಎಲ್‌ಎಲ್‌ಎಂನಲ್ಲಿ (ಕಾನೂನಿನ ಸ್ನಾತಕೋತ್ತರ ಪದವಿ) ಶೇ. 55 ಅಂಕ ಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 50. ನಂತರ ಅಧ್ಯಾಪಕರ ಅರ್ಹತಾ ಪರೀಕ್ಷೆ: ರಾಷ್ಟ್ರಮಟ್ಟದ ನೆಟ್ ಅಥವಾ ರಾಜ್ಯದ ಕೆ-ಸೆಟ್. ನೆಟ್‌ನಲ್ಲಿ ಎರಡು ಪತ್ರಿಕೆ ಸೇರಿ 150 ಪ್ರಶ್ನೆ, 300 ಅಂಕ, 3 ಗಂಟೆ. ತಪ್ಪಿಗೆ ಅಂಕ ಕಡಿತವಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ. ಕಾನೂನು ಪತ್ರಿಕೆಯ 10 ಘಟಕಗಳಲ್ಲಿ ಅಂತರರಾಷ್ಟ್ರೀಯ ಕಾನೂನು ಒಂದು ಮಾತ್ರ. ಇಷ್ಟದ ವಿಷಯವನ್ನೇ ಹಿಡಿದು ಕೂತವರು ಇಲ್ಲೇ ಉಳಿದುಬಿಡುತ್ತಾರೆ.

ವಕೀಲಿಯೂ ಬೇಕು, ಪಾಠವೂ ಬೇಕು ಎನ್ನುವವರಿಗೆ 1979ರ ನಿಯಮ ದಾರಿ ಕೊಟ್ಟಿದೆ: ದಿನಕ್ಕೆ 3 ಗಂಟೆ ಮೀರದಂತೆ ಕಾನೂನು ಕಲಿಸಬಹುದು. ಪೂರ್ಣಾವಧಿ ನೌಕರಿ ಸಿಕ್ಕರೆ ವಕೀಲರ ಪರಿಷತ್ತಿಗೆ ತಿಳಿಸಿ ವಕೀಲಿ ನಿಲ್ಲಿಸಲೇಬೇಕು.

ಕೆಲಸಕ್ಕೆ ದೂರ ಹೋಗಬೇಕಾಗಿಲ್ಲ. ಬ್ಯಾಡಗಿ ಮೆಣಸಿನಕಾಯಿ ವಿದೇಶಕ್ಕೆ ಹೋಗುತ್ತದೆ. ಹಾವೇರಿಯ ವ್ಯಾಪಾರಿಯ ವಿರುದ್ಧ ಹೊರದೇಶದಲ್ಲಿ ಮಧ್ಯಸ್ಥಿಕೆಯ (ಆರ್ಬಿಟ್ರೇಶನ್, ಅಂದರೆ ಕೋರ್ಟಿನ ಬದಲು ಎರಡೂ ಕಡೆಯವರು ಒಪ್ಪಿದ ಮಧ್ಯಸ್ಥರು ಕೊಡುವ) ತೀರ್ಪಾದರೆ ಅದರ ಜಾರಿಗೆ ಅರ್ಜಿ ಹಾಕಬೇಕಾದ್ದು ಹೈಕೋರ್ಟಿಗೆ, ಅಂದರೆ ಧಾರವಾಡ ಪೀಠಕ್ಕೆ. ಅಂಥ ಕರಾರು ಕೈಗೆ ಬಂದಾಗ ದರ, ತೂಕ ನೋಡುವ ಮೊದಲು ಮಧ್ಯಸ್ಥಿಕೆಯ ಕಲಮು ಓದಿ: ಯಾವ ಊರಿನಲ್ಲಿ, ಯಾವ ದೇಶದ ಕಾನೂನಿನಡಿ, ಎಷ್ಟು ಮಂದಿ ಮಧ್ಯಸ್ಥರು.