ನಡಿಗೆಯ ಕೆಲಸ ಬೇರೆ, ತಟ್ಟೆಯ ಕೆಲಸ ಬೇರೆ

"ದಿನಾ ವಾಕಿಂಗ್ ಮಾಡ್ತೀನಲ್ಲ, ಏನು ತಿಂದರೂ ನಡೆಯುತ್ತೆ" ಅನ್ನುವವರು ಎಲ್ಲ ಕಡೆ ಸಿಗುತ್ತಾರೆ. ನನ್ನ ಎಲ್‌ಡಿಎಲ್ ಕೊಲೆಸ್ಟ್ರಾಲ್, ಅಂದರೆ ರಕ್ತನಾಳದಲ್ಲಿ ಕಟ್ಟಿಕೊಳ್ಳುವ 'ಕೆಟ್ಟ' ಕೊಲೆಸ್ಟ್ರಾಲ್, ಜಾಸ್ತಿ ಬಂದಾಗ ಡಾಕ್ಟರನ್ನು ಕೇಳಿದ ಮೊದಲ ಪ್ರಶ್ನೆಯೂ ಇದೇ: ನಡಿಗೆ, ಪಥ್ಯ ಎರಡರಲ್ಲಿ ಒಂದನ್ನು ಗಟ್ಟಿಯಾಗಿ ಹಿಡಿದರೆ ಸಾಲದೇ? ಸಾಲದು ಅಂದರು. ಕಾರಣ ಸರಳ. ನಡಿಗೆಯಿಂದ ಬಿಪಿ, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು), ಸಕ್ಕರೆ ಚೆನ್ನಾಗಿ ಹಿಡಿತಕ್ಕೆ ಬರುತ್ತವೆ. ಎಲ್‌ಡಿಎಲ್ ಮಾತ್ರ ಅಷ್ಟಾಗಿ ಇಳಿಯುವುದಿಲ್ಲ. ಅದು ಇಳಿಯಬೇಕಾದರೆ ತಟ್ಟೆಯೇ ಬದಲಾಗಬೇಕು.

ನಡಿಗೆ ಸುಲಭವಾಗಿ ರೂಢಿಯಾಯಿತು. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ವೇಗದ ವ್ಯಾಯಾಮ ಬೇಕು ಅನ್ನುತ್ತದೆ. ವೇಗ ಅಳೆಯಲು ನಾನು ವಾಚು ನೋಡುವುದಿಲ್ಲ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟೇ. ವಾರಕ್ಕೆರಡು ದಿನ ಗೋಡೆಗೆ ಕೈಯೂರಿ ಪುಷ್‌ಅಪ್, ಕುರ್ಚಿಯಿಂದ ಎದ್ದು ಕೂರುವುದು. ಸ್ನಾಯುಗಳಿಗೂ ಕೆಲಸ ಬೇಕಲ್ವಾ?

ಕಷ್ಟವಾಗಿದ್ದು ನಡೆದು ಬಂದ ಮೇಲಿನ ಹಸಿವು. ಎರಡೂ ಸೇರುವ ಜಾಗ ಅದೇ, ಎರಡೂ ಕೆಡುವ ಜಾಗವೂ ಅದೇ. ಅರ್ಧ ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದು ಸುಮಾರು ನೂರೈವತ್ತು ಕ್ಯಾಲರಿ. ನಾಲ್ಕು ಬಿಸ್ಕತ್ತು ತಿಂದರೆ ಹೆಚ್ಚುಕಡಿಮೆ ಅಷ್ಟೂ ವಾಪಸ್! ಅದಕ್ಕೇ ಬಂದ ಮೇಲೆ ಏನು ತಿನ್ನುವುದು ಎಂದು ಹೊರಡುವ ಮೊದಲೇ ತೀರ್ಮಾನ ಮಾಡಿಡುತ್ತೇನೆ. ಬೇಯಿಸಿದ ಕಾಳು ಅಥವಾ ಹೆಚ್ಚಿದ ಹಣ್ಣು ಕಣ್ಣಿಗೆ ಬೀಳುವ ಹಾಗೆ ಇರುತ್ತದೆ, ಕರಿದ ತಿಂಡಿ ಮನೆಯಲ್ಲೇ ಇರುವುದಿಲ್ಲ. ಹಸಿದಾಗ ಬುದ್ಧಿ ಕೆಲಸ ಮಾಡುವುದಿಲ್ಲ, ಕೈ ಮಾಡುತ್ತದೆ.

ಕಾಳು, ಓಟ್ಸ್, ಸೇಬು ಇವುಗಳಲ್ಲಿ ನೀರಲ್ಲಿ ಕರಗುವ ನಾರು ಇದೆ. ಅದು ಕರುಳಿನಲ್ಲಿ ಪಿತ್ತರಸದ ಆಮ್ಲಗಳನ್ನು ಹಿಡಿದು ಹೊರಗೆ ಸಾಗಿಸುತ್ತದೆ. ಹೊಸ ಪಿತ್ತರಸ ಮಾಡಲು ಯಕೃತ್ತು ರಕ್ತದಲ್ಲಿರುವ ಕೊಲೆಸ್ಟ್ರಾಲನ್ನು ಎಳೆದುಕೊಳ್ಳುತ್ತದೆ. ಇದು ತಿಳಿದ ಮೇಲೆ ಕಾಳು ತಿನ್ನುವುದು ಶಿಕ್ಷೆ ಅನ್ನಿಸಲಿಲ್ಲ. ಬೆಣ್ಣೆ, ಕೊಬ್ಬಿನ ಮಾಂಸ ಕಡಿಮೆ ಮಾಡಿದೆ. ಆ ಜಾಗಕ್ಕೆ ಬಿಳಿ ಬ್ರೆಡ್ಡು, ಸಿಹಿ ತುಂಬಿಕೊಂಡರೆ ಏನೂ ಉಪಯೋಗವಿಲ್ಲ. ಬೀಜಗಳು, ಮೀನು, ಶೇಂಗಾ ಅಥವಾ ಸೂರ್ಯಕಾಂತಿಯಂಥ ಸಸ್ಯದೆಣ್ಣೆ ಬಂದರೆ ಮಾತ್ರ ಲಾಭ.

ಬಿಪಿಗಾಗಿ ಉಪ್ಪು ದಿನಕ್ಕೆ 5 ಗ್ರಾಮಿನೊಳಗೆ, ಅಂದರೆ ಒಂದು ಟೀ ಚಮಚದಷ್ಟು. ಪೊಟ್ಟಣದ ತಿಂಡಿ ಬಿಟ್ಟರೆ ಅರ್ಧ ಕೆಲಸ ಮುಗಿದಂತೆ. ನಾಲಿಗೆ ಸ್ವಲ್ಪ ದಿನ ಗೊಣಗುತ್ತದೆ, ಆಮೇಲೆ ಸುಮ್ಮನಾಗುತ್ತದೆ.

ಹೊಟ್ಟೆ ತುಂಬಾ ಉಂಡ ಕೂಡಲೇ ನಾನು ಬಿರುಸಾಗಿ ನಡೆಯುವುದಿಲ್ಲ. ರಾತ್ರಿ ಊಟ ಬೇಗ ಮುಗಿಸಿ ಸುಮ್ನೆ ಹತ್ತು ನಿಮಿಷ ಅಡ್ಡಾಡುತ್ತೇನೆ. ಊಟದ ಮೇಲೆ ರಕ್ತದ ಸಕ್ಕರೆ ಜಾಸ್ತಿ ಏರದಂತೆ ಅಷ್ಟು ಅಡ್ಡಾಟವೂ ತಡೆಯುತ್ತದೆ. ನಡೆಯುವಾಗ ಎದೆ ಬಿಗಿದರೆ, ನೋವು ತೋಳಿಗೋ ದವಡೆಗೋ ಹರಿದರೆ ಅಲ್ಲೇ ನಿಂತು ಸಹಾಯಕ್ಕೆ ಕರೆಯಬೇಕು. ಮನೆಯವರಿಗೂ ಇದನ್ನು ಹೇಳಿಟ್ಟಿದ್ದೇನೆ.

ಮುಂದಿನ ಪರೀಕ್ಷೆಗಳಲ್ಲಿ ಬಿಪಿ ಮೊದಲು ಇಳಿಯಿತು, ಎಲ್‌ಡಿಎಲ್ ನಿಧಾನವಾಗಿ ಹಿಂಬಾಲಿಸಿತು. ಡಾಕ್ಟರು ಕೊಟ್ಟ ಕೊಲೆಸ್ಟ್ರಾಲ್ ಮಾತ್ರೆಯನ್ನು ಮಾತ್ರ ನಾನಾಗಿ ನಿಲ್ಲಿಸಿಲ್ಲ. ಕೆಲವರಿಗೆ ಜಾಸ್ತಿ ಕೊಲೆಸ್ಟ್ರಾಲ್ ವಂಶದಿಂದಲೇ ಬರುತ್ತದೆ. ಅಂಥವರು ಎಷ್ಟು ನಡೆದರೂ, ಎಷ್ಟು ಪಥ್ಯ ಮಾಡಿದರೂ ಮಾತ್ರೆ ಬೇಕಾಗಬಹುದು. ಅದನ್ನು ಸೋಲು ಅಂದುಕೊಳ್ಳಬೇಕಿಲ್ಲ.